ಮಂಡಿಯಿಂದ ಮೇಲೆ

ಎಲ್ಲ ಶುರುವಾದದ್ದು ಒಂದು ಸೀನಿನಿಂದ. ಭಾನುವಾರ ಮೀನು ಹಿಡಿಯಲು ಹೋಗಿ, ಪಾಚಿಗಲ್ಲಿನ ಮೇಲೆ ಜಾರಿ, ಹೊಳೆಯಲ್ಲಿ ಮುಳುಗೆದ್ದು ಬಂದಿದ್ದ ಗಡಿಯಾರ ರಿಪೇರಿಯವನು ಸೋಮವಾರ ಅಂಗಡಿಯಲ್ಲಿ ಸೀನಿದ. ಬಿಚ್ಚಿಟ್ಟಿದ್ದ ಕೈಗಡಿಯಾರದ ಚಕ್ರಗಳೆಲ್ಲ ದಿಕ್ಕಾಪಾಲಾದವು. ಹುಡುಕಲು ಹೆಂಡತಿಯೂ ಬರಬೇಕಾಯಿತು.

"ಇನ್ನೊಂದ್ಸಲ ಮಂಡಿಯಿಂದ ಮೇಲೆ ಒದ್ದೆಯಾಗಿ ನನ್ನ ಕಣ್ಣಿಗೆ ಬಿದ್ರೆ, ನಿಮ್ಮ ಗಾಳ ಅಟ್ಟ ಸೇರತ್ತೆ!" ಎಂದಳು ಮೇಜಿನ ಕೆಳಗಿಂದಲೇ.

ವಾರವಿಡೀ ಟಿಕ್ ಟಿಕ್ ಕೇಳುವ ಪ್ರಾಣಿಗೆ ಇದ್ದ ಸುಖ ಆ ಗಾಳವೊಂದೇ.

ಮುಂದಿನ ಭಾನುವಾರ ಗೇಟು ದಾಟುವಷ್ಟರಲ್ಲಿ ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಅಡ್ಡಗಟ್ಟಿದರು.

"ಕೋಲಿಲ್ದೆ ನೀರಿಗಿಳೀತೀಯಾ? ಬುದ್ಧಿ ಇದೆಯೇನಯ್ಯಾ? ನೀನು ನಡಿ, ಕೋಲು ನಾನು ತರ್ತೀನಿ."

ತಂದೂಬಿಟ್ಟರು. ತುದಿಯಲ್ಲಿ ಕವಲಿದ್ದ, ಆಳೆತ್ತರದ ಗಟ್ಟಿ ಕೋಲು. ಎಲ್ಲಿಂದ ತಂದರೆಂದು ಕೇಳಲು ಅವರು ಬಿಡುವು ಕೊಟ್ಟರೆ ತಾನೆ?

"ಹರಿವು ಬರೋ ಕಡೆ ಕೋಲು ಊರು! ಗಟ್ಟಿ ನಿಂತಿತಾ? ಈಗ ಎಡಗಾಲು! ಏಯ್, ಬಲಗಾಲು ಅಂದ್ನಾ ನಾನು?" ಎಂದು ದಡದ ಮೇಲೆ ನಿಂತು ಗದರಿದರು. ಆ ಆರ್ಭಟಕ್ಕೆ ಮೀನುಗಳೂ 'ಸಾವಧಾನ್' ಭಂಗಿಯಲ್ಲಿ ನಿಂತವೋ ಏನೋ, ಎರಡು ಸಿಕ್ಕವು. ಮಡಚಿದ ಪ್ಯಾಂಟಿನ ಅಂಚಿಗೂ ನೀರು ತಾಗಲಿಲ್ಲ.

ಕೋಲು ಹೆಗಲಿಗೇರಿಸಿಕೊಂಡು, ಗೆದ್ದ ಖುಷಿಯಲ್ಲಿ ಅವನು ಮನೆಯಂಗಳಕ್ಕೆ ಬಂದ. ಅಲ್ಲಿ ಹೆಂಡತಿ ಬಟ್ಟೆ ಒಣಹಾಕುವ ಹಗ್ಗವನ್ನು ಎರಡೂ ಕೈಯಿಂದ ಎತ್ತಿಹಿಡಿದು ಕಂಬದ ಹಾಗೆ ನಿಂತಿದ್ದಳು.

"ಹಗ್ಗದ ಕೋಲು ಯಾರೋ ಕಿತ್ಕೊಂಡು ಹೋಗಿ, ಒಗೆದದ್ದೆಲ್ಲ ಮಣ್ಣಾಯ್ತು. ಎರಡನೇ ಸಲ ಒಗೆದು..." ಎನ್ನುತ್ತ ತಿರುಗಿದವಳ ಕಣ್ಣು ಗಂಡನ ಹೆಗಲ ಮೇಲೆ ನಿಂತಿತು.

ಅವನು ಹಿಂದೆ ನೋಡಿದ. ಮೇಷ್ಟ್ರು ಆಗಲೇ ಎದುರುಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು.

"ನಾನು ಒಣಗೇ ಇದೀನಿ, ನೋಡು ಬೇಕಾದ್ರೆ!"

ಅವಳು ಒಂದು ಕೈ ಬಿಡಿಸಿಕೊಂಡು ಅಂಗಿಯ ಅಂಚು ಮುಟ್ಟಿ ನೋಡಿದಳು. ಒಣಗಿತ್ತು. "ಸರಿ, ಮಾತು ಮಾತೇ. ಗಾಳ ಇಟ್ಕೊಳ್ಳಿ. ಮೊದಲು ಆ ಕೋಲು ಕೊಡಿ ಹಗ್ಗಕ್ಕೆ."

ಬದುಕಿದೆಯಾ ಬಡಜೀವವೇ ಎಂದುಕೊಂಡು ಅವನು ಮೇಷ್ಟ್ರು ಕಲಿಸಿದಂತೆಯೇ ತಡಕಿ, ಊರಿ, ಕವಲಿಗೆ ಹಗ್ಗ ಸಿಕ್ಕಿಸಿದ. ಅವಳು ಕೈಬಿಟ್ಟಳು. ಹೊಳೆಯ ಪಾಚಿ ಮೆತ್ತಿದ್ದ ಕೋಲಿನ ಬುಡ ಸರ್ರನೆ ಜಾರಿತು. ನೀರು ಸುರಿಯುತ್ತಿದ್ದ ಬೆಡ್‌ಶೀಟುಗಳೆಲ್ಲ ತಲೆಯಿಂದ ಪಾದದವರೆಗೆ ಅವನನ್ನು ಅಪ್ಪಿಕೊಂಡವು.

ಒಳಗಿಂದ ಕ್ಷೀಣ ದನಿ ಬಂತು: "ಇದು ಹೊಳೆ ನೀರಲ್ಲ ಕಣೇ, ನಲ್ಲಿ ನೀರು!"

"ಯಾವ ನೀರು ಅಂತ ನಾನೇನಾದ್ರೂ ಹೇಳಿದ್ನಾ?" ಎಂದು ಅವಳು ಗಾಳ ಎತ್ತಿಕೊಂಡು ಅಟ್ಟದ ಏಣಿಯ ಕಡೆ ನಡೆದಳು.

ಬೆಡ್‌ಶೀಟಿನೊಳಗೆ ಅವನು ಜೋರಾಗಿ ಸೀನಿದ.