ನಡುಮನೆಗೆ ಕಣದ ಮಣ್ಣು

ನೆಲದ ವಿಷಯದಲ್ಲಿ ನನಗಿರುವಷ್ಟು ಜ್ಞಾನ ಉದ್ದನಪಲ್ಲಿಯಲ್ಲಿ ಇನ್ನೊಬ್ಬರಿಗಿಲ್ಲ ಎಂದು ನಾನು ನಂಬಿದ್ದ ಕಾಲವದು. ಕಾರಣವೂ ಇತ್ತು. ಹೊಸೂರಿನಲ್ಲಿ ಆಗತಾನೇ ಎದ್ದಿದ್ದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ ನಾನು, ಅಲ್ಲಿ ಸಿಮೆಂಟ್ ನೆಲ ಹಾಕುವುದನ್ನು ಮೂರು ದಿನ ನಿಂತು ನೋಡಿದ್ದೆ!

ಆಗ ತಂಗಿ ಗೌರಿಯನ್ನು ನೋಡಲು ಡೆಂಕಣಿಕೋಟೆಯಿಂದ ಗಂಡಿನ ಕಡೆಯವರು ಬರುವುದಿತ್ತು. ಹುಡುಗ ಮೇಷ್ಟ್ರು. ಸಂತೆಯಲ್ಲಿ ಅವನನ್ನು ಒಮ್ಮೆ ಕಂಡಿದ್ದ ಗೌರಿಗೆ ಮನಸ್ಸಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಕೇಳಿದ್ದು ಒಂದೇ.

“ಅಣ್ಣಾ, ನಡುಮನೆ ನೆಲ ಗುಂಡಿ ಬಿದ್ದೋಗೈತೆ. ಅವ್ರು ಬರೋದ್ರೊಳಗೆ ಕೆಂಪು ಗಾರೆ ಹಾಕ್ಸು.”

“ಗಾರೆ ಶೀತ ಕಣಮ್ಮಿ, ಕಾಲ್ನೋವು ಬತ್ತದೆ. ಮಣ್ಣಿನ ನೆಲ ಬ್ಯಾಸ್ಗೇಲಿ ತಂಪು, ಚಳೀಲಿ ಬೆಚ್ಗೆ. ನಾನೇ ಹಾಕ್ತೀನಿ, ನೋಡ್ತಿರು!”

ಊರಿನಲ್ಲಿ ಅತ್ಯಂತ ಗಟ್ಟಿ ಮಣ್ಣು ಯಾವುದು? ಕಣದ ಮಣ್ಣು. ತಲೆಮಾರುಗಳಿಂದ ಎತ್ತು ತುಳಿದು, ರೋಣಗಲ್ಲು ಉರುಳಿ ಕಲ್ಲಾದ ಮಣ್ಣು. ಈ ಮಹಾಸತ್ಯ ನನಗೊಬ್ಬನಿಗೇ ಹೊಳೆಯಿತು. ಹಳೆಯ ನೆಲವನ್ನು ಅಗೆದು ಬಿಸಾಕಿ, ನಮ್ಮ ಕಣದಿಂದ ಮೂರು ಗಾಡಿ ಮಣ್ಣು ತಂದು ಸುರಿದೆ.

ಹೆಂಡತಿ ಸಾವಿತ್ರಿ ಒಂದು ಹಿಡಿ ಎತ್ತಿ ನೋಡಿದಳು. “ಜರಡಿ ಹಿಡೀರಿ. ಇದ್ರಾಗೆ ರಾಗಿ ಕಾಳವೆ.”

“ನಂಗೇ ಹೇಳ್ಕೊಡ್ತೀಯಾ? ಫ್ಯಾಕ್ಟ್ರಿ ನೆಲ ನೋಡ್ದೋನು ನಾನು!”

ಸಗಣಿ ಕಲಸಿ, ಹಾಸಿ, ಕೊರಡಿನಿಂದ ಬಡಿದು ಮಟ್ಟ ಮಾಡಿದೆ. ನೆಲ ಚೆನ್ನಾಗಿಯೇ ಬಂತು. ಅಲ್ಲಿಗೇ ಬಿಟ್ಟಿದ್ದರೆ ಗೌರಿಯ ಬದುಕು ಬೇರೆಯಾಗುತ್ತಿತ್ತು. ಆದರೆ ಫ್ಯಾಕ್ಟರಿಯಲ್ಲಿ ಸಿಮೆಂಟಿಗೆ ದಿನವೂ ನೀರುಣಿಸಿದ್ದನ್ನು ನಾನು ಕಂಡಿದ್ದೆನಲ್ಲ! ನೆಲಕ್ಕೆ ಒದ್ದೆ ಗೋಣಿಚೀಲ ಹೊದಿಸಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸತೊಡಗಿದೆ.

“ಮಣ್ಣಿನ ನೆಲಕ್ಕೆ ಯಾರಾನ ನೀರಾಕ್ತಾರಾ?” ಎಂದಳು ಸಾವಿತ್ರಿ.

“ಇದು ಕ್ಯೂರಿಂಗ್!” ಎಂದೆ. ಆ ಪದ ಕೇಳಿ ಅವಳು ಒಲೆಯ ಕಡೆ ಹೊರಟಳು.

ಕಾಳು, ಸಗಣಿ ಗೊಬ್ಬರ, ಹದವಾದ ನೀರು, ಬೆಚ್ಚನೆಯ ಹೊದಿಕೆ. ಹೊಲದಲ್ಲಿ ಸಸಿ ಎಬ್ಬಿಸಲು ಒಟ್ಲು ಹಾಕುವಾಗಲೂ ನಾನು ಇಷ್ಟು ಶ್ರದ್ಧೆ ತೋರಿಸಿದವನಲ್ಲ. ಗಂಡಿನವರು ಬರುವ ದಿನ ಬೆಳಿಗ್ಗೆ ಗೋಣಿ ಎತ್ತಿದರೆ, ನಡುಮನೆಯ ತುಂಬ ಅರ್ಧ ಬೆರಳುದ್ದದ ರಾಗಿ ಪೈರು!

ಗೌರಿ ಕುಕ್ಕರಗಾಲಲ್ಲಿ ಕೂತು ಕೀಳತೊಡಗಿದಳು. ಕಿತ್ತಲ್ಲೆಲ್ಲ ಹೆಂಟೆ ಎದ್ದು ಬಂತು. “ಬಿಡು, ಮುಚ್ಚಿದ್ರೆ ಯಾರ್ಗೂ ಕಾಣಲ್ಲ” ಎಂದು ನಾನು ಪಕ್ಕದ ಮನೆಯಿಂದ ಜಮಖಾನ ತಂದು ಹಾಸಿದೆ.

ಬಂದವರು ಅದರ ಮೇಲೆಯೇ ಕೂತರು. ಸ್ವಲ್ಪ ಹೊತ್ತಿಗೆ ಹುಡುಗನ ತಂದೆ ತಡಬಡಿಸಿ ಎದ್ದರು. ಬಿಳಿ ಪಂಚೆಯ ಹಿಂಭಾಗ ಪೂರ್ತಿ ಒದ್ದೆ. ಜಮಖಾನದ ಅಂಚು ಎತ್ತಿ ಬಗ್ಗಿ ನೋಡಿದರು. ಅದೇ ಸಮಯಕ್ಕೆ ನಮ್ಮ ಕರು ಒಳಗೆ ನುಗ್ಗಿ, ಅವರು ಎತ್ತಿ ಹಿಡಿದಿದ್ದ ಜಾಗದಲ್ಲೇ ಮೇಯತೊಡಗಿತು. ಗೌರಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಏನಪ್ಪಾ, ನಡುಮನೇಲೇ ಬ್ಯಾಸಾಯನಾ?” ಎಂದರು ಹುಡುಗನ ತಂದೆ.

ತಪ್ಪಾಯಿತು ಎನ್ನಬಹುದಿತ್ತು. ನಾನು ವಿವರಿಸಲು ನಿಂತೆ! “ಮಣ್ಣಿನ ನೆಲ ನೋಡಿ, ಬ್ಯಾಸ್ಗೇಲಿ ತಂಪು...”

ಅವರು ಪಂಚೆಯ ಹಿಂಭಾಗ ಮುಟ್ಟಿಕೊಂಡರು. “ತಂಪು ಗೊತ್ತಾಯ್ತು ಬಿಡಪ್ಪಾ.”

ಕಾಫಿ ಕುಡಿಯದೆ ಹೊರಟರು. ಹುಡುಗ ಒಮ್ಮೆ ತಿರುಗಿ ನೋಡಿದ. ಗೌರಿ ಅದನ್ನು ಕಂಡಳು. ಅವಳು ಕಂಡದ್ದನ್ನು ನಾನೂ ಕಂಡೆ. ಅದು ಇವತ್ತಿಗೂ ಸುಡುತ್ತದೆ.

“ನಾನು ಕೇಳಿದ್ದು ಒಂದ್ ನೆಲ ಕಣಣ್ಣಾ” ಎಂದಳು. ಅಷ್ಟೇ.

ಆಮೇಲೆ ಹೆಣ್ಣು ನೋಡಲು ಬಂದವರೆಲ್ಲ ಹುಡುಗಿಗಿಂತ ಮೊದಲು ನೆಲ ನೋಡಿದರು. ಸುದ್ದಿ ಅಷ್ಟು ದೂರ ಹಬ್ಬಿತ್ತು. ಕೊನೆಗೆ ಅವಳನ್ನು ಕೃಷ್ಣಗಿರಿಯ ಆಚೆ, ಹೆಂಡತಿ ಸತ್ತ, ನನಗಿಂತ ಹಿರಿಯನೊಬ್ಬನಿಗೆ ಕೊಟ್ಟೆವು. ಆ ವರ್ಷವೇ ನಾನು ನಡುಮನೆಗೆ ಕೆಂಪು ಗಾರೆ ಹಾಕಿಸಿದೆ. ಭಾರೀ ಸಮಯಪ್ರಜ್ಞೆ!

ಮೊದಲ ಸಲ ಅವಳ ಮನೆಗೆ ಹೋದಾಗ ಹೊಸಿಲಲ್ಲೇ ತಡೆದಳು. ಒಳಗೆ ಕೆಂಪು ಗಾರೆ ಹೊಳೆಯುತ್ತಿತ್ತು.

“ಕಾಲ್ ತೊಳ್ಕೊಂಡು ಬಾ ಅಣ್ಣಾ. ಮಣ್ಣಲ್ಲಿ ಏನಿರ್ತದೋ.”

ಅವಳು ನಗುತ್ತಿರಲಿಲ್ಲ. ಉದ್ದನಪಲ್ಲಿಯ ನೆಲದ ಜ್ಞಾನಿ ಅಂಗಳದ ಕಲ್ಲಿನ ಮೇಲೆ ನಿಂತು, ಬೆರಳ ಸಂದಿಯನ್ನೂ ಬಿಡದೆ, ಎರಡು ಸಲ ಕಾಲು ತೊಳೆದುಕೊಂಡ.