ಕೂದಲು ಯಾರದು?

ಎಲ್ಲಕ್ಕೂ ಕಾರಣ ಮಗಳ ಶಾಲೆಯಿಂದ ಬಂದ ಒಂದು ಹಾಳೆ. ‘ಮನೆಯವರಿಂದ ನನಗೆ ಬಂದದ್ದು’ ಎಂಬ ತಲೆಬರಹ. ಕೆಳಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು. ತಾತನ ಎದುರು ಮೂಗು, ಅಪ್ಪನ ಎದುರು ಕಿವಿ ಎಂದು ಮಗಳು ದುಂಡಗೆ ಬರೆದಿದ್ದಳು. ಅಜ್ಜಿ, ಅಮ್ಮ ಎರಡೂ ಖಾಲಿ.

“ಅಮ್ಮಾ, ನನ್ನ ಗುಂಗುರು ಕೂದಲು ಯಾರದು? ಇವತ್ತೇ ಕೊಡಬೇಕು. ಮಿಸ್ ಗೋಡೆಗೆ ಅಂಟಿಸ್ತಾರಂತೆ.”

ಅಮ್ಮ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ಒಂದು ಪಟ್ಟಿಗೆ ಅಷ್ಟು ಹೊತ್ತು ಯಾರಿಗೂ ಹಿಡಿಯುವುದಿಲ್ಲ.

“ನಮ್ಮ ಕಡೆ ಯಾರಿಗೂ ಇಂಥ ಕಾಗೆಗೂಡಿಲ್ಲಮ್ಮ,” ಒಳಗಿನಿಂದ ಅತ್ತೆಯ ದನಿ. ಮಗು ಹುಟ್ಟಿ ಏಳು ವರ್ಷವಾಯಿತು, ಅದೇ ಮಾತು.

ಅತ್ತೆಯ ತುರುಬು ಇಸ್ತ್ರಿ ಮಾಡಿದ ಹಾಗೆ ನುಣುಪು. ಸೊಸೆಯ ಕೂದಲೂ ಹಾಗೇ. ಆದರೆ ಸೊಸೆಯದು ಡಬ್ಬಿಯಿಂದ ಬಂದ ನುಣುಪು. ಕಾಲೇಜಿನ ದಿನಗಳಿಂದ ಗುಟ್ಟಾಗಿ ಕ್ರೀಮು ಬಳಿದು ನೆಟ್ಟಗೆ ಮಾಡಿಕೊಂಡದ್ದು. ಗಂಡನಿಗೂ ಗೊತ್ತಿಲ್ಲ. ಅವನೋ, ಮನೆಗೆ ಹೊಸ ಕುರ್ಚಿ ಬಂದರೆ ಎಡವಿದ ಮೇಲೆ ನೋಡುವ ಮನುಷ್ಯ.

ಐದು ತಿಂಗಳ ಹಿಂದೆ ಮಗಳು ಕೂದಲ ಮೇಲೆ ಎರಡು ದಪ್ಪ ಪುಸ್ತಕ ಹೇರಿಕೊಂಡು ಮಲಗಿದ್ದಳು. “ನಿನ್ನ ಥರ ನೆಟ್ಟಗಾಗ್ಲಿ ಅಂತ,” ಎಂದಿದ್ದಳು. ಅಂದೇ ಅಮ್ಮ ಕ್ರೀಮು ಬಿಟ್ಟಳು. ಬಚ್ಚಲಿನ ಕಪಾಟಿನಲ್ಲಿದ್ದ ಡಬ್ಬಿ ಮಾತ್ರ ಮುಟ್ಟದಿದ್ದರೂ ಕರಗುತ್ತಾ ಕರಗುತ್ತಾ ಖಾಲಿಯೇ ಆಯಿತು. ಗಾಳಿಗೆ ಒಣಗಿತೇನೋ ಎಂದುಕೊಂಡಳು. ಈಗ ಬುಡದ ನಾಲ್ಕು ಬೆರಳು ಸುರುಳಿ, ಉಳಿದದ್ದು ನೇರ. ಇಬ್ಬರ ತಲೆಯನ್ನು ಒಂದಕ್ಕೊಂದು ಹೊಲಿದ ಹಾಗೆ. ಅದರ ಮೇಲೆ ಸದಾ ಒಂದು ಸ್ಕಾರ್ಫು.

“ಮಿಸ್‌ಗೆ ನಾಳೆ ಕೊಡ್ತೀನಿ ಅಂತ ಹೇಳು ಪುಟ್ಟಿ. ಸಂಜೆ ಬಂದು ಹೇಳ್ತೀನಿ,” ಎಂದು ಮಗುವಿನ ಮುಖ ನೋಡದೆ ಹೊರಟಳು.

ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ. ತಲೆ ಮುಚ್ಚಿಕೊಳ್ಳುವವರಿಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ. ನಾಲ್ಕೂ ಗೋಡೆಗೆ ಕನ್ನಡಿ. ಮಧ್ಯಾಹ್ನ ಒಬ್ಬ ನಿವೃತ್ತ ಮೇಷ್ಟ್ರಿಗೆ ದೂರಕ್ಕೂ ಓದುವುದಕ್ಕೂ ಆಗುವ ಎರಡು ಪವರಿನ ಹೊಸ ಕನ್ನಡಕ ತೊಡಿಸುತ್ತಿದ್ದಾಗ, ಫ್ಯಾನಿನ ಗಾಳಿಗೆ ಸ್ಕಾರ್ಫು ಜಾರಿತು.

ಮೇಷ್ಟ್ರು ಅವಳನ್ನೇ ದಿಟ್ಟಿಸಿದರು. “ಏನಮ್ಮಾ ಇದು? ಮೇಲಿನ ಗಾಜಲ್ಲಿ ಎಲ್ಲಾ ಸುತ್ತಿಕೊಂಡು ಕಾಣುತ್ತೆ, ಕೆಳಗಿನದರಲ್ಲಿ ನೆಟ್ಟಗಿದೆ. ಗಾಜು ಸೊಟ್ಟ!”

ಸ್ಕಾರ್ಫು ಎಳೆದುಕೊಂಡು, “ನೋಡಿಸ್ತೀನಿ ಸರ್,” ಎಂದಳು.

ಕಣ್ಣು ಪರೀಕ್ಷಿಸುವವನು ಬಂದು ಮೇಷ್ಟ್ರಿಂದ ಮತ್ತೆ ಅಕ್ಷರ ಓದಿಸಿದ. ಸರಿಯಾಗಿದೆ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನು ಬಂದು ಅಳೆದ. ಅದೂ ಸರಿ. ಸರಿ ಎಂದಷ್ಟೂ ಮೇಷ್ಟ್ರ ಮುಖ ಇಳಿಯಿತು.

“ಗಾಜು ಸರಿ ಇದೆ ಅಂದ್ರೆ ನನ್ನ ಕಣ್ಣೇ ಹೋಯ್ತು ಅಂತಾಯ್ತಲ್ಲಪ್ಪಾ,” ಎಂದು ಕುರ್ಚಿಯಲ್ಲಿ ಕುಸಿದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಸ್ಕಾರ್ಫು ಕಿತ್ತು ಮೇಜಿನ ಮೇಲೆಸೆದಳು. “ಕಣ್ಣೂ ಸರಿಯಾಗಿದೆ ಸರ್, ಗಾಜೂ ಸರಿಯಾಗಿದೆ. ನನ್ನ ತಲೆಯೇ ಹೀಗೆ.”

ನಾಲ್ಕೂ ಕನ್ನಡಿಯಲ್ಲಿ ಅವಳೇ ನಿಂತಿದ್ದಳು.

“ಅಕ್ಕಾ, ತಲೇಲೂ ಎರಡು ಪವರ್ ಇಟ್ಕೊಂಡಿದ್ದೀರಲ್ಲ!” ಎಂದ ಗಾಜು ಉಜ್ಜುವವನು. ಅಂಗಡಿಗೆ ಅಂಗಡಿಯೇ ನಕ್ಕಿತು.

ಮೇಷ್ಟ್ರು ಕಣ್ಣೊರೆಸಿಕೊಂಡರು. “ಮೇಲಿನದು ಚೆನ್ನಾಗಿದೆ ಕಣಮ್ಮ. ಮೊದಲೇ ಹೇಳೋಕೇನಾಗಿತ್ತು? ನನ್ನ ಜೀವ ಹೋಗಿ ಬಂತು.”

ಆ ಮಾತು ನಾಟಿತು. ಸಂಜೆ ನೇರ ಎದುರಿನ ಪಾರ್ಲರಿಗೆ ಹೋಗಿ ನೆಟ್ಟಗಿದ್ದದ್ದನ್ನೆಲ್ಲ ಕತ್ತರಿಸಿ ಹಾಕಿಸಿದಳು. ತಲೆ ಹೂಕೋಸಿನಂತಾಯಿತು. ದಾರಿಯುದ್ದಕ್ಕೂ ಒಂದೇ ಪಾಠ ಉರುಹೊಡೆದಳು: ‘ನಿನ್ನ ಕೂದಲು ನನ್ನದೇ ಪುಟ್ಟಿ. ಬಚ್ಚಿಟ್ಟದ್ದು ನನ್ನ ತಪ್ಪು.’

ಬಾಗಿಲು ತೆರೆದ ಅತ್ತೆ ಅವಳ ತಲೆ ನೋಡಿದರು; ಅಚ್ಚರಿಪಡಲಿಲ್ಲ. ತುರುಬು ಬಿಚ್ಚಿದ್ದರು. ಬುಡದಲ್ಲಿ ಒಂದು ಬೆರಳಷ್ಟು ಬಿಳಿ ಸುರುಳಿ.

“ಅತ್ತೇ, ಇದೇನು?”

“ಇನ್ನೇನು? ಡಬ್ಬಿ ಮುಗಿದು ಎರಡು ತಿಂಗಳಾಯ್ತು. ನೀನು ತರ್ತೀಯ ತರ್ತೀಯ ಅಂತ ಕಾದೆ.”

“ಅಂದ್ರೆ... ನನ್ನ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ?”

“ನಿನ್ನ ಡಬ್ಬಿನೇ ಬಳೀತಿದ್ದವಳಿಗೆ ಗೊತ್ತಿರಲ್ವೇನೇ? ಬೆಳಿಗ್ಗೆ ನೀನು ಹೋದ ಮೇಲೆ ಮಗು ಅತ್ತ ಅಳು ನೋಡೋಕಾಗ್ಲಿಲ್ಲ. ನನ್ನದನ್ನ ಹೇಳಿಬಿಟ್ಟೆ. ನಿನ್ನ ಗುಟ್ಟು ನಿನ್ನದು, ಅದನ್ನ ನಾನ್ಯಾಕೆ ಹೇಳಲಿ?”

ಅಷ್ಟರಲ್ಲಿ ಮಗಳು ಓಡಿ ಬಂದಳು. “ಅಮ್ಮಾ, ಕೂದಲು ಅಜ್ಜೀದಂತೆ! ಬರೆದು ಕೊಟ್ಟೆ. ಮಿಸ್ ಗೋಡೆಗೆ ಅಂಟಿಸಿಯೂ ಆಯ್ತು.”

ಉರುಹೊಡೆದ ಪಾಠಕ್ಕೆ ಈಗ ಜಾಗವೇ ಇರಲಿಲ್ಲ. “ನನ್ನ ಸಾಲು ಖಾಲಿ ಬಿಟ್ಯಾ ಪುಟ್ಟಿ?”

“ಇಲ್ಲಪ್ಪ. ನೀನು ಯಾವಾಗ್ಲೂ ತಲೆ ಮುಚ್ಕೋತೀಯ. ನಾನೂ ಶಾಲೇಲಿ ಟೋಪಿ ತೆಗೆಯಲ್ಲ. ಅದಕ್ಕೇ ‘ಅಮ್ಮ — ನಾಚಿಕೆ’ ಅಂತ ಬರೆದೆ. ಪೆನ್ನಲ್ಲಿ!”

ಅಮ್ಮನ ಕೈ ತಾನಾಗಿ ಹೆಗಲ ಮೇಲೆ ಸ್ಕಾರ್ಫಿಗಾಗಿ ತಡಕಾಡಿತು. ಅದು ಅಂಗಡಿಯ ಮೇಜಿನ ಮೇಲೇ ಉಳಿದಿತ್ತು.