ಸೋದರಮಾವನ ಮೋಟರಿಗೆ ಹವಾ ಸಾಲಲಿಲ್ಲ

ಮೋಟರು ಇಟ್ಟವರ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ನಮ್ಮ ಸೋದರಮಾವನ ಮನೆಯಲ್ಲಿ ಮುಂಜಾನೆ ಆದದ್ದು ಸಾಲದೆ ಸಂಜೆಗೂ ಆಗುತ್ತಿತ್ತು.

ಪೊಲೀಸ್ ಆಕ್ಷನ್ ಆಗಿ ಒಂದೆರಡು ವರ್ಷವಾಗಿತ್ತು. ನಿಜಾಮರ ಆಳಿಕೆ ಹೋಗಿತ್ತು, ಹೈದರಾಬಾದ್ ಸ್ಟೇಟ್ ಇನ್ನೂ ಇತ್ತು. ನಾನು ಕಾಲೇಜು ಮುಗಿಸಿ ಬೀದರಿಗೆ ಬಂದು, ನೌಕರಿ ಸಿಗುವತನಕ ಇರಲಿ ಎಂದು ಮಾವನ ಮೋಟರಿನಲ್ಲಿ ಟಿಕೀಟು ಹರಿಯುತ್ತಿದ್ದೆ. ಅದೊಂದು ದೊಡ್ಡ ಹಳೇ ಕಾರು. ಪೆಟ್ರೋಲು ಸಿಗುವುದು ತ್ರಾಸು ಅಂತ ಮಾವ ಅದರ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂಡಿಸಿದ್ದರು. ಒಂದು ದಿನ ಭಾಲ್ಕಿ ದಾಟಿ ಸಾಯಗಾಂವದತನಕ, ಒಂದು ದಿನ ಔರಾದಿಗೆ ಓಡುತ್ತಿತ್ತು. ಹೋಗುವಾಗ ಇಳಿಜಾರು, ಚಿಂತೆಯಿಲ್ಲ. ಮರಳಿ ಬೀದರದ ಘಾಟು ಏರುವಾಗ ಮಾತ್ರ ಕರೀ ಹೊಗೆ ಬಿಟ್ಟು ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಪ್ಯಾಸೆಂಜರು ಇಳಿದು ನೂಕಬೇಕು.

ಅಷ್ಟರಲ್ಲಿ ಸುದ್ದಿ ಬಂತು: ಹೈದರಾಬಾದಿನಿಂದ ಇನ್‌ಸ್ಪೆಕ್ಟರ್ ಬರುತ್ತಾರೆ. ತುಂಬಿದ ಗಾಡಿ ಘಾಟು ಏರಿದರೆ ಪರ್ಮಿಟ್. ಏರದಿದ್ದರೆ ಆ ದಾರಿ ಬೇರೆಯವರಿಗೆ. ಅಂದಿನಿಂದ ಮಾವನ ಊಟ ನಿದ್ದೆ ಎರಡೂ ಹೋದವು. ನನ್ನವೂ ಹೋದವು. ಟಿಕೀಟು ಹರಿಯುವ ಕೆಲಸವಾದರೂ ಇದೆಯೆಂದು ಹೆಣ್ಣು ಕೊಡಲು ಒಪ್ಪಿದ್ದವರು ಚಿದ್ರಿಯಲ್ಲಿ ಕೂತು ಇದನ್ನೇ ಕಾಯುತ್ತಿದ್ದರು.

೧. ವೈದ್ಯರ ಮುಂದೆ

ಮಾವನ ಎದೆ ಡವಡವ ಅನ್ನತೊಡಗಿತೆಂದು ಮಾಮಿ ಅವರನ್ನು ಬಲವಂತದಿಂದ ವೈದ್ಯರ ಹತ್ತಿರ ಕಳಿಸಿದರು. ನಾನೂ ಜೊತೆಗೆ ಹೋದೆ. ಮಾವನ ದೇಹ ಸ್ಟೂಲಿನ ಮೇಲಿತ್ತು, ಮನಸ್ಸು ಘಾಟಿನಲ್ಲಿತ್ತು.

ವೈದ್ಯರು ಕೇಳಿದರು, "ಏರು ಹತ್ತೂಮುಂದ ದಮ್ಮು ಬರ್ತದೇನ್ರಿ?"

"ಅದೇ ತ್ರಾಸು ನೋಡ್ರಿ. ಅರ್ಧಕ್ಕ ನಿಂತಬಿಡ್ತದ."

"ಮತ್ತೇನಾಗ್ತದ?"

"ಮೈಯೆಲ್ಲಾ ನಡುಗತದ. ಕರೀ ಹೊಗಿ ಬರ್ತದ."

ವೈದ್ಯರು ಕೈಯಲ್ಲಿದ್ದ ನಾಡಿ ಬಿಟ್ಟರು. "ಹೊಗಿ? ಎಲ್ಲಿಂದ?"

"ಹಿಂದಿನಿಂದರಿ. ನಾಕು ಮಂದಿ ನೂಕಿದರ ಕಮ್ಮಿ ಆಗತದ."

ವೈದ್ಯರು ತಮ್ಮ ಕುರ್ಚಿಯನ್ನು ಗ್ವಾಡೆಯತನಕ ಹಿಂದಕ್ಕೆ ಸರಿಸಿಕೊಂಡರು.

೨. ಸಾಯಗಾಂವದ ಬಾಗಿಲುಗಳು

ಬೀದರದ ಒಬ್ಬ ಮೋಟರು ರಿಪೇರಿ ಉಸ್ತಾದರು ಗಾಡಿಯ ಮುಚ್ಚಳ ಎತ್ತಿ ನೋಡಿದರು. ಇಂಜಿನ್ ಹವಾ ಎಳೆದುಕೊಳ್ಳುವ ಡಬ್ಬಿಯ ತುಂಬ ನಮ್ಮ ಕೆಂಪು ಧೂಳು.

"ಇಂಜಿನ್‌ಕು ಹವಾ ಹೋನಾ ಮಾಲಕ್, ಹವಾ ಬೇಕು! ಮೂಗಿನ್ಯಾಗ ಮಣ್ಣು ತುಂಬಿದರ ಹ್ಯಾಂಗ ಏರಬೇಕದು? ಡಬ್ಬಿ ತೊಳೀಬೇಕು."

"ತೊಳಿಯೂದ್ಯಾಕ? ಕಿತ್ತೇ ಒಗಿ," ಅಂದರು ಮಾವ. ಅವರಿಗೆ ಅಷ್ಟು ಅವಸರ.

ಡಬ್ಬಿ ಇಲ್ಲದ ಗಾಡಿ ಏನು ಓಡಿತು ಅಂತೀರಿ! ಆದರೆ ಅದು ಹವಾ ಎಳೆಯುವ ಸಪ್ಪಳ ಫರ್ಲಾಂಗು ದೂರ ಕೇಳುತ್ತಿತ್ತು. ಸಾಯಗಾಂವ ಮುಟ್ಟುವುದರೊಳಗೆ ಊರಿನ ಬಾಗಿಲೆಲ್ಲ ಮುಚ್ಚಿದ್ದವು. ಪೊಲೀಸ್ ಆಕ್ಷನ್ ಕಾಲದಂತೆ ದೊಡ್ಡ ಗಾಡಿಯ ಸಪ್ಪಳ ಕೇಳಿದರೆ ಅಡಗಿಕೊಳ್ಳುವುದನ್ನು ಮಂದಿ ಆಗಿನ್ನೂ ಮರೆತಿರಲಿಲ್ಲ. ನಮಗಾಗಿ ಕಾದು ನಿಂತ ಪ್ಯಾಸೆಂಜರೂ ಜ್ವಾಳದ ಹೊಲ ಹೊಕ್ಕಿದ್ದರು.

ಬಾಗಿಲ ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು, "ಯಾವ ಸರ್ಕಾರದವ್ರರಿ ನೀವು?"

"ಸರ್ಕಾರ ಅಲ್ಲಬೇ ಅವ್ವಾ! ಭಾಲ್ಕಿ ಮೋಟರು! ಸೀಟು ಖಾಲಿ ಅವ, ಬಾ ಕೂಡು!" ಎಂದು ಮಾವ ಕೂಗಿದರು.

"ಸರ್ಕಾರ ಆಗಿದ್ರ ಹೆದರಿ ಬಾಗಿಲರೆ ತೆಗೀತಿದ್ದೆ. ಇದರಾಗ ಕೂಡು ಅಂತಿ! ನನಗೇನು ಜೀವ ಭಾರ ಆಗ್ಯಾದೇನೋ ಮೂಳಾ?"

೩. ಏಕಾದಶಿಯ ವಾಸನೆ

ಉಸ್ತಾದರು ಡಬ್ಬಿ ತೊಳೆದು ಮತ್ತೆ ಕೂಡಿಸಿದರು. ಧೂಳು ಕಮ್ಮಿ ಬರಲೆಂದು ಅದಕ್ಕೊಂದು ತಗಡಿನ ಪೈಪು ಜೋಡಿಸಿ, ಪೈಪಿನ ಬಾಯಿಯನ್ನು ಡ್ರೈವರನ ಮುಂದಿನ ಗಾಜಿನ ಪಕ್ಕದಲ್ಲಿ ಆಳೆತ್ತರಕ್ಕೆ ತಂದು ನಿಲ್ಲಿಸಿದರು. ಡಬ್ಬಿಯ ತಳದಲ್ಲಿ ಗೆರೆಯತನಕ ಇಂಜಿನ್ ಎಣ್ಣೆ ಹಾಕಬೇಕು, ಹವಾದೊಳಗಿನ ಧೂಳು ಅದಕ್ಕೆ ಹತ್ತಿಕೊಳ್ಳುತ್ತದೆ ಎಂದು ತಿಳಿಸಿ ಹೇಳಿದರು.

ಮಾವ ಮನೆಗೆ ಹೋಗಿ ಕುಸುಬಿ ಎಣ್ಣೆ ತಂದು ಹಾಕಿದರು. "ಧೂಳಿಗೇನು ಗೊತ್ತಾಗತದ, ಯಾವ ಎಣ್ಣಿ ಅಂತ?"

ಧೂಳಿಗೆ ಗೊತ್ತಾಗಲಿಲ್ಲ. ಔರಾದ ದಾರಿಯಲ್ಲಿ ಇಂಜಿನ್ ಕಾಯ್ದಂತೆ ಪ್ಯಾಸೆಂಜರಿಗೆ ಗೊತ್ತಾಯಿತು. ಭಜಿ ಕರಿಯುವ ಕಡಾಯಿಯ ಮುಂದೆ ಕೂತಂತೆ ಘಮ ಘಮ. ಮೊದಲು ಒಬ್ಬರ ಬುತ್ತಿಗಂಟನ್ನು ಒಬ್ಬರು ನೋಡಿದರು. ಆಮೇಲೆ ಜಗಳಕ್ಕೆ ಬಿದ್ದರು. "ಕದ್ದು ತಿನ್ನಾಕ ನಾಚಿಕಿ ಬರಂಗಿಲ್ಲೇನು?" ಎಂದು ಒಬ್ಬ, "ನಿನ್ನ ಚೀಲ ಬಿಚ್ಚಿ ತೋರಸು" ಎಂದು ಇನ್ನೊಬ್ಬ.

ಅಂದು ಏಕಾದಶಿ. ಉಪವಾಸವಿದ್ದ ಒಬ್ಬ ಹಿರಿಯ ಹೆಂಗಸು ಗಾಡಿ ನಿಲ್ಲಿಸಿದಳು. "ಏನ್ರಿ ಮಾಲಕರ, ಉಪಾಸ ಇದ್ದವರನ್ನ ಕೂಡಿಸಿಕೊಂಡು ಭಜಿ ಕರೀತೀರಲ್ಲ, ಪಾಪ ಹತ್ತಂಗಿಲ್ಲೇನ್ರಿ?"

"ಭಜಿ ಅಲ್ಲರಿ ತಾಯಿ, ಇಂಜಿನ್ನು!" ಎಂದು ಮಾವ ದೇವರ ಆಣೆ ಮಾಡಿದರು.

ಆಕೆ ನಂಬಲಿಲ್ಲ. ಮಾವನ ಕಿವಿಯ ಹತ್ತಿರ ಬಂದು ಮೆಲ್ಲಗೆ, "ಹೋಗ್ಲಿ ಬಿಡ್ರಿ. ನಾಳಿ ಮುಂಜಾನಿ ಉಪಾಸ ಬಿಡ್ತೇನಿ, ಎರಡು ತೆಗದಿಡ್ರಿ," ಅಂದಳು.

೪. ಘಾಟಿನ ಪರೀಕ್ಷೆ

ಇನ್‌ಸ್ಪೆಕ್ಟರು ಬಂದರು. ನಗು ಗೊತ್ತಿಲ್ಲದ ಮುಖ. ಮಾವ ಈ ಸಲ ಖರೇ ಇಂಜಿನ್ ಎಣ್ಣೆಯನ್ನೇ ಹಾಕಿದ್ದರು. ಆದರೆ ಕಡಿಮೆಯಾದೀತೆಂಬ ಹೆದರಿಕೆಗೆ ಗೆರೆ ದಾಟಿಸಿ, ಡಬ್ಬಿಯ ಕಂಠಮಟ ತುಂಬಿದ್ದರು. ಬಂಧು ಬಳಗವನ್ನೆಲ್ಲ ತುರುಕಿ ಗಾಡಿ ಬಿಟ್ಟೆವು. ಅದು ಎಲ್ಲೂ ನಿಲ್ಲದೆ, ನೂಕಿಸಿಕೊಳ್ಳದೆ ಘಾಟು ಏರಿಬಿಟ್ಟಿತು!

"ಶಾಬಾಸ್. ಬಂದ್ ಮಾಡ್ರಿ," ಅಂದರು ಇನ್‌ಸ್ಪೆಕ್ಟರು.

ಡ್ರೈವರ್ ಇಂಜಿನ್ ಬಂದ್ ಮಾಡುವ ಗುಂಡಿ ಎಳೆದ. ಇಂಜಿನ್ ನಿಲ್ಲಲಿಲ್ಲ. ಇನ್ನೂ ಜೋರಾಗಿ ಒದರತೊಡಗಿತು.

"ಬಂದ್ ಮಾಡ್ರೀ ಅಂದ್ನಿ!"

"ಮಾಡೇನ್ರಿ ಸಾಹೇಬ್ರ! ಡೀಸೆಲ್ ಬಂದ್ ಆಗ್ಯಾದ, ಇಂಜಿನ್ ಆಗವಲ್ದು!"

ಬಂಧು ಬಳಗ ಸಿಕ್ಕ ಕಡೆಯಿಂದ ಹಾರಿಕೊಂಡಿತು. ಗಾಡಿಯಲ್ಲೇ ಇದ್ದ ಉಸ್ತಾದರು ಮುಂದಕ್ಕೆ ಓಡಿ ಬಂದರು. "ಡಬ್ಬಿಯೊಳಗಿನ ಎಣ್ಣಿ ಕುಡೀಲಾಕತ್ತದ! ಹವಾ ಬಂದ್ ಮಾಡ್ರಿ, ಇಲ್ಲಂದ್ರ ಇಂಜಿನ್ ಒಡೀತದ! ಮಾಲಕ್, ರುಮಾಲ ಬಿಚ್ರಿ, ಪೈಪಿನ ಬಾಯಿಗೆ ತುರುಕ್ರಿ!"

ನಮ್ಮ ಕಡೆ ಹಿರಿಯರು ದಾರಿಯಲ್ಲಿ ತಲೆಯ ರುಮಾಲು ಬಿಚ್ಚುವುದು ಮನೆಯಲ್ಲಿ ಯಾರಾದರೂ ಸತ್ತಾಗ ಮಾತ್ರ.

"ಮನ್ಯಾಗ ಎಲ್ಲಾರೂ ಗಟ್ಟಿ ಅದಾರ! ಅಧಿಕಾರಿ ಮುಂದ ಬೋಳ ತಲೀಲೆ ನಿಂದ್ರೂದು ನನ್ನ ಕೈಲಿ ಆಗಂಗಿಲ್ಲ!" ಎನ್ನುತ್ತ ಮಾವ ಮಡ್ಗಾರ್ಡ್ ಹತ್ತಿ ಬಗ್ಗಿ, ರುಮಾಲು ಸುತ್ತಿದ ತಲೆಯನ್ನೇ ಪೈಪಿನ ಬಾಯಿಗೆ ಒತ್ತಿ ಹಿಡಿದರು. ಇಂಜಿನ್ ರುಮಾಲನ್ನು ಬಿಗಿಯಾಗಿ ಎಳೆಯಿತು, ಕೆಮ್ಮಿತು, ನಿಂತಿತು.

ಇನ್‌ಸ್ಪೆಕ್ಟರು ಗಾಡಿಗೊಂದು ಸುತ್ತು ಬಂದರು. ನಾನು ಚಿದ್ರಿಯ ಸಂಬಂಧವನ್ನು ಮನಸ್ಸಿನಲ್ಲೇ ಮುರಿದುಕೊಂಡೆ.

"ಘಾಟು ಏರ್ಯಾದ, ಇಲ್ಲ ಅನ್ನಂಗಿಲ್ಲ. ಪರ್ಮಿಟ್ ಕೊಡ್ತೇನಿ," ಅಂದರು. "ಆದ್ರ ನಿಮ್ಮ ತಲಿ ಇಲ್ಲದ ಈ ಗಾಡಿ ಹೊರಗ ಬೀಳಬಾರದು. ನಿಮಗ ಜ್ವರ ಗಿರ ಬಂದ್ರ ಏನ್ ಮಾಡ್ತೀರಿ?"

ಮಾವ ರುಮಾಲು ಸರಿ ಮಾಡಿಕೊಳ್ಳುತ್ತ ನನ್ನ ಕಡೆ ಕೈ ತೋರಿಸಿದರು.

"ಸ್ಪೇರ್ ತಲಿ ಇಟ್ಟೇನ್ರಿ ಸಾಹೇಬ್ರ. ನನ್ನ ಅಳಿಯಂದು. ಬಿ.ಎ. ಪಾಸ್ ಆಗ್ಯಾದ, ಇನ್ನಾ ಎಲ್ಲೂ ಉಪಯೋಗಿಸಿಲ್ಲ."